ಲೆಕ್ಕದವರ ಬಾಕಿ

ಜಮಾ, ಬಾಕಿ, ವಸೂಲಿ, ರಸೀದಿ, ಗುಮಾಸ್ತ. ಉರ್ದುವನ್ನೂ ಕಲಿತ ನಮಗೆ ಕನ್ನಡದ ಲೆಕ್ಕದ ಪುಸ್ತಕ ಪರಕೀಯವೆನಿಸಿದ್ದೇ ಇಲ್ಲ. ತರೀಕೆರೆಯ ಅಡಿಕೆ ಮಂಡಿ, ಅಜ್ಜಂಪುರದ ಈರುಳ್ಳಿ ವ್ಯಾಪಾರ, ಕಡೂರಿನ ಕೊಬ್ಬರಿ ಅಂಗಡಿ, ಎಲ್ಲ ಕಡೆಯೂ ಲೆಕ್ಕ ಬರೆದ ಗೆಳೆಯರು ನಮಗಿದ್ದಾರೆ. ಕೆಲಸ ಬಿಟ್ಟವರನ್ನು ಕಾರಣ ಕೇಳಿದರೆ ಸಂಬಳದ ಮಾತು ಕೊನೆಗೆ ಬರುತ್ತದೆ.

2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಗುಮಾಸ್ತರ ಕಷ್ಟ ಹೆಚ್ಚಿತು. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಮಾರಾಟದ ವಿವರ ಮುಂದಿನ ತಿಂಗಳ 11ಕ್ಕೆ, ತೆರಿಗೆ 20ಕ್ಕೆ. ಬಿಲ್ಲುಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವರು ಸಾಹುಕಾರರು. 19ರ ರಾತ್ರಿ ಬೈಸಿಕೊಳ್ಳುವವನು ಗುಮಾಸ್ತ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಅದನ್ನು ಗುಮಾಸ್ತನ ಸಂಬಳದಲ್ಲೇ ಹಿಡಿದ ಒಂದು ಅಡಿಕೆ ಮಂಡಿಯನ್ನು ನಾವು ಬಲ್ಲೆವು. ಹುಡುಗ ಟ್ಯಾಲಿಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದಿಟ್ಟು, ಬೀರೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೊರಟುಹೋದ. ಯಾವ ರೈತನ ಬಾಕಿಯನ್ನು ಈಗಲೇ ಕೇಳಬಹುದು, ಯಾರದನ್ನು ಕೊಯ್ಲಿನವರೆಗೆ ಎತ್ತಲೇಬಾರದು ಎಂಬುದೆಲ್ಲ ಅವನ ತಲೆಯಲ್ಲಿತ್ತು. ಟ್ಯಾಲಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಅವನ ನಂತರ ಬಂದ ಇಬ್ಬರೂ ನಿಲ್ಲಲಿಲ್ಲ.

ಕಡೂರಿನಲ್ಲಿ ಇನ್ನೊಬ್ಬ ಸಾಹುಕಾರರಿದ್ದಾರೆ. ಜಿಪುಣರೇ, ಸಂಬಳವೂ ಅಷ್ಟಕ್ಕಷ್ಟೆ. ಆದರೆ ತಪ್ಪು ಕಂಡರೆ ಗುಮಾಸ್ತನನ್ನು ಒಳಕೋಣೆಗೆ ಕರೆದು ಕೇಳುತ್ತಾರೆ. ಗಿರಾಕಿಗಳೆದುರು ‘ನಮ್ಮ ಲೆಕ್ಕದವರನ್ನೇ ವಿಚಾರಿಸಿ’ ಎನ್ನುತ್ತಾರೆ. ಬೆಂಗಳೂರಿನಿಂದ ಕರೆ ಬಂದರೂ ಆತ ಹೋಗಿಲ್ಲ. ಏಕೆಂದು ನಾವು ಕೇಳಿದ್ದಕ್ಕೆ, ‘ಅಲ್ಲಿ ನನಗೆ ಬನ್ನಿ, ಕೂತ್ಕೊಳ್ಳಿ ಅನ್ನೋರು ಯಾರಿದ್ದಾರೆ ಸಾಬ್ರೇ?’ ಎಂದ.

ಬಿಲ್ಲು ತಡಮಾಡುವುದನ್ನು ಮಾತ್ರ ಈ ಸಾಹುಕಾರರೂ ಬಿಟ್ಟಿಲ್ಲ.