ಕೆರೆ ಎರವಲು ಕೊಟ್ಟ ಮೈದಾನ

ಪಡುವಣ ಕಡಲಿಗೂ ದೂರ, ಮೂಡಣ ಕಡಲಿಗೂ ದೂರ. ನಮ್ಮ ಚಿಟಗುಪ್ಪ ಇರುವುದು ದಖನ್ನಿನ ನಟ್ಟನಡುವೆ. ಹುಮನಾಬಾದ್, ಬಸವಕಲ್ಯಾಣ, ಚಿಟಗುಪ್ಪ ಸೇರಿದ ಈ ಸೀಮೆಯಲ್ಲಿ ಬಿದ್ದ ಮಳೆ ಎರಡು ಪಾಲಾಗುತ್ತದೆ. ಒಂದು ಪಾಲು ಮುಲ್ಲಾಮಾರಿ ಸೇರಿ, ಕಾಗಿಣಾ, ಭೀಮೆಗಳ ಹಾದಿ ಹಿಡಿದು ಕೃಷ್ಣೆಗೆ ಹೋಗುತ್ತದೆ. ಇನ್ನೊಂದು ಪಾಲು ಕಾರಂಜಾ ಸೇರಿ ಮಾಂಜ್ರಾಕ್ಕೆ, ಅಲ್ಲಿಂದ ಗೋದಾವರಿಗೆ. ನೀರು ಇಲ್ಲಿ ನಿಲ್ಲುವುದಕ್ಕಿಂತ ಬಿಟ್ಟುಹೋಗುವುದೇ ಹೆಚ್ಚು. ಇಂಥ ಊರಲ್ಲಿ ಬೆಳೆದ ನನಗೆ, ದೋಣಿಯಲ್ಲೇ ಮನೆ ಮಾಡಿಕೊಂಡು ಬದುಕಬೇಕೆಂಬ ಆಸೆ ಚಿಕ್ಕಂದಿನಿಂದಲೂ ಇದೆ. ಕ್ರಿಕೆಟ್ಟಿನ ಹುಚ್ಚೂ ಅಷ್ಟೇ ಹಳೆಯದು. ಎರಡೂ ಒಂದೇ ಕಡೆ ಸಿಗುವ ಜಾಗ ನಮ್ಮ ಸೀಮೆಯಲ್ಲೇ ಇದೆ ಎಂದು ಕೇಳಿದ್ದೆ. ಅದನ್ನು ಕಣ್ಣಾರೆ ನೋಡಬೇಕೆಂದು ಮೇ ತಿಂಗಳ ಬಿಸಿಲಲ್ಲಿ ಹೊರಟೆ. ಚಿಟಗುಪ್ಪದಿಂದ ಹುಮನಾಬಾದ್, ಅಲ್ಲಿಂದ ಬಸವಕಲ್ಯಾಣ, ಮರಳಿ ಬಂದು ಕಾರಂಜಾ ಜಲಾಶಯದ ದಂಡೆ.

ಚಿಟಗುಪ್ಪ ತಾಲ್ಲೂಕು ಕೇಂದ್ರವಾದದ್ದು ಈಚೆಗೆ, 2018ರಲ್ಲಿ. ಆದರೆ ಊರು ಹಳೆಯದು. ನಿಜಾಮರ ಕಾಲದಲ್ಲಿ ಪೈಗಾ ಎಂಬ ನವಾಬ ಮನೆತನಗಳ ಜಹಗೀರಿಗೆ ಸೇರಿತ್ತು. ಹೈದರಾಬಾದಿನ ಕ್ರಿಕೆಟ್ ಚರಿತ್ರೆಯಲ್ಲಿ ಪೈಗಾ ಮನೆತನಗಳ ಹೆಸರು ದೊಡ್ಡದು. ಆ ಮನೆತನಗಳಲ್ಲೊಂದಕ್ಕೆ ಸೇರಿದ ನವಾಬ ಮೊಯಿನುದ್ದೌಲಾ ಹೆಸರಿನ ಚಿನ್ನದ ಕಪ್ ಪಂದ್ಯಾವಳಿ, ರಣಜಿ ಟ್ರೋಫಿ ಹುಟ್ಟುವುದಕ್ಕಿಂತ ಮೊದಲೇ, 1930ರ ಹೊತ್ತಿಗೆ ಶುರುವಾಗಿತ್ತು. ವೆಸ್ಟ್ ಇಂಡೀಸಿನ ಲಿಯರಿ ಕಾನ್‌ಸ್ಟಂಟೈನ್ ಅಂಥವರು 1934ರಲ್ಲಿ ಅದರಲ್ಲಿ ಆಡಲು ಬಂದಿದ್ದರು. ಪೈಗಾಗಳ ಖಜಾನೆ ತುಂಬುತ್ತಿದ್ದುದು ಜಹಗೀರಿನ ಊರುಗಳ ರೈತರು ಕಟ್ಟುತ್ತಿದ್ದ ಕಂದಾಯದಿಂದ. ನಮ್ಮ ಕಡೆ ಜೋಳ, ತೊಗರಿ ಬೆಳೆದವರ ಬೆವರು ಆ ಆಟದ ಹಿಂದೆಯೂ ಇತ್ತು ಎಂದು ನೆನೆದಾಗ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ.

ಹೈದರಾಬಾದ್ ನಮಗೆ ಮೂರ್ನಾಲ್ಕು ತಾಸಿನ ಹಾದಿ. ಬೆಂಗಳೂರಿಗೆ ಇಡೀ ರಾತ್ರಿ ಪ್ರಯಾಣ. ಹಾಗಾಗಿ ನಮ್ಮ ಹಿರಿಯರು ರೇಡಿಯೊಗೆ ಕಿವಿಗೊಟ್ಟು ಜಯಸಿಂಹ, ಅಬ್ಬಾಸ್ ಅಲಿ ಬೇಗ್, ಅಜರುದ್ದೀನ್ ಎಂದು ಕುಣಿದವರು. ಹೈದರಾಬಾದ್ 1986–87ರಲ್ಲಿ ರಣಜಿ ಗೆದ್ದದ್ದನ್ನು ಸ್ವಂತ ಊರಿನ ಗೆಲುವಿನ ಹಾಗೆ ಹೇಳುವವರು ಈಗಲೂ ಸಿಗುತ್ತಾರೆ. 1956ರಲ್ಲಿ ನಮ್ಮ ಸೀಮೆ ಹೈದರಾಬಾದ್ ರಾಜ್ಯ ಬಿಟ್ಟು ಕನ್ನಡ ರಾಜ್ಯ ಸೇರಿತು, ಮಕ್ಕಳ ಕಾಲಕ್ಕೆ ತಂಡವೂ ಬದಲಾಯಿತು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಇದ್ದ ಕರ್ನಾಟಕ 1973–74ರಲ್ಲಿ ಮೊದಲ ಸಲ ರಣಜಿ ಗೆದ್ದ ಕಥೆಯನ್ನು ನಾವು ಬಾಯಿಪಾಠ ಮಾಡಿಕೊಂಡೆವು. 2022ರಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ಮಹಾರಾಜ ಟ್ರೋಫಿ ಗೆದ್ದಾಗ, ನಮ್ಮ ಭಾಗದ ಹೆಸರು ಹೊತ್ತ ತಂಡವೊಂದು ಎತ್ತಿ ಹಿಡಿದ ಕಪ್ ಎಂದು ಚಹಾದಂಗಡಿಯಲ್ಲಿ ಎಲ್ಲರ ಮುಖ ಅರಳಿತ್ತು.

ಹುಮನಾಬಾದಿನಲ್ಲಿ ಬಸ್ ಬದಲಿಸುವ ಹೊತ್ತಿಗೆ ಆಟದ ಸಾಮಾನಿನ ಅಂಗಡಿಯೊಂದಕ್ಕೆ ಹೋದೆ. ಹೈಸ್ಕೂಲ್ ಹುಡುಗನೊಬ್ಬ ಬ್ಯಾಟು ಆರಿಸುತ್ತಿದ್ದ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು, ಹಳೆಯ ಚಂಡಿನಿಂದ ಮೆಲ್ಲಗೆ ಕುಟ್ಟಿ ಸದ್ದು ಕೇಳುತ್ತಿದ್ದ. ಹಿಡಿಕೆಯ ಕೆಳಗೆ ‘ಕಾಶ್ಮೀರ್ ವಿಲ್ಲೋ’ ಎಂಬ ಚೀಟಿ. ಈ ಮರ ತೇವದ ನೆಲ ಬೇಡುತ್ತದೆ. ಹಳ್ಳ, ಕಾಲುವೆಗಳ ದಂಡೆಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅನಂತನಾಗ್ ಜಿಲ್ಲೆಯಲ್ಲಿ ಝೇಲಂ ಪಕ್ಕದ ಸಂಗಮ್ ಎಂಬ ಊರಿನ ರಸ್ತೆಬದಿಯಲ್ಲಿ ಬ್ಯಾಟಿನ ಸೀಳುಗಳನ್ನು ಗೋಪುರದ ಹಾಗೆ ಪೇರಿಸಿ ಒಣಗಿಸುತ್ತಾರೆ. ಅದೇ ಝೇಲಂ ಹಿಡಿದು ಕೆಳಗೆ ಹೋದರೆ ಶ್ರೀನಗರ. ಅಲ್ಲಿ ನದಿಯಲ್ಲೂ ದಾಲ್ ಸರೋವರದಲ್ಲೂ ದೇವದಾರು ಮರದ ದೋಣಿಮನೆಗಳು. ಮಹಾರಾಜರ ಆಡಳಿತದಲ್ಲಿ ಹೊರಗಿನವರು ಕಾಶ್ಮೀರದಲ್ಲಿ ಭೂಮಿ ಕೊಳ್ಳುವಂತಿರಲಿಲ್ಲ. ಅದಕ್ಕೇ ಬೇಸಿಗೆ ಕಳೆಯಲು ಬಂದ ಬ್ರಿಟಿಷರು ನೀರಿನ ಮೇಲೆ ಮನೆ ಮಾಡಿಕೊಂಡರು. ನನ್ನ ಎರಡೂ ಆಸೆಗಳಿಗೆ ಬೇಕಾದ ಕಟ್ಟಿಗೆ ಒಂದೇ ಕಣಿವೆಯದು ಎಂದು ಆ ಅಂಗಡಿಯಲ್ಲಿ ನಿಂತು ಹಿಗ್ಗಿದೆ.

ಹುಮನಾಬಾದಿನಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದ ಬಸ್ಸು ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ತಿರುಗಿ ಬಸವಕಲ್ಯಾಣ ಸೇರಿತು. ಶರಣರ ಊರು ಎಂದು ನಾಡಿಗೆಲ್ಲ ಗೊತ್ತು. ಆಟದ ಊರೂ ಹೌದು ಎಂದು ಗೊತ್ತಿರುವವರು ಕಡಿಮೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅದರಲ್ಲಿ ಕುದುರೆಯ ಮೇಲೆ ಕೂತು ಕೋಲಿನಿಂದ ಚಂಡು ಹೊಡೆಯುವ ಆಟದ ವರ್ಣನೆ ಇದೆ. ನೀರಾಟ ಇದೆ. ಗಾಳ ಹಾಕಿ ಮೀನು ಹಿಡಿಯುವ ಬಗೆ, ಯಾವ ಮೀನಿಗೆ ಯಾವ ಆಹಾರ ಎಂಬ ವಿವರ ಕೂಡ ಇದೆ. ರಾಜ್ಯಭಾರದ ವಿಷಯ ಬರೆದ ಕೈಯೇ ಚಂಡು, ನೀರು, ಮೀನುಗಳ ವಿಷಯವನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿದೆ. ಆಟವೂ ನೀರೂ ಬದುಕಿನ ದೊಡ್ಡ ಸಂಗತಿಗಳು ಎಂದು ನಮ್ಮ ಸೀಮೆ ಒಂಬೈನೂರು ವರ್ಷಗಳ ಹಿಂದೆಯೇ ಒಪ್ಪಿತ್ತು.

ಕೋಟೆ ನೋಡಿ ತ್ರಿಪುರಾಂತ ಕೆರೆಯ ಕಡೆ ನಡೆದೆ. ಬಸವಕಲ್ಯಾಣದಲ್ಲಿ ಅಕ್ಕನಾಗಮ್ಮ, ನುಲಿಯ ಚಂದಯ್ಯ ಮುಂತಾದ ಶರಣರ ಹೆಸರಿನ ಗವಿಗಳಿವೆ. ಅಂಬಿಗರ ಚೌಡಯ್ಯನವರ ಹೆಸರಿನದೂ ಒಂದು. ಹಾವೇರಿ ಜಿಲ್ಲೆಯ ಚೌಡದಾನಪುರದ ಹತ್ತಿರ ತುಂಗಭದ್ರೆಯಲ್ಲಿ ದೋಣಿ ನಡೆಸುತ್ತಿದ್ದ ಶರಣರು ಅವರು. ದೇವರ ಹೆಸರಿನ ಅಂಕಿತ ಇಟ್ಟುಕೊಳ್ಳದೆ ತಮ್ಮ ಹೆಸರನ್ನೇ, ಕಸುಬಿನ ಸಮೇತ, ಅಂಕಿತ ಮಾಡಿಕೊಂಡರು. ಹುಟ್ಟು ಹಾಕುವ ಕೈಗೆ ಅದಕ್ಕಿಂತ ದೊಡ್ಡ ಗೌರವ ಬೇಕಿಲ್ಲ ಎಂಬ ಧೈರ್ಯ ಅದು. ತುಂಬಿ ಹರಿಯುವ ಹೊಳೆಯ ಅಂಬಿಗನ ಹೆಸರು ಈ ಬಯಲುಸೀಮೆಯ ಕಲ್ಲಿನಲ್ಲಿ ಉಳಿದಿದೆ. ದೋಣಿಯ ಕನಸು ಕಾಣಲು ಚಿಟಗುಪ್ಪದವನಿಗೆ ಇದಕ್ಕಿಂತ ಬೇರೆ ಹಕ್ಕುಪತ್ರ ಯಾಕೆ ಬೇಕು?

ಮರುದಿನ ಹುಮನಾಬಾದಿಗೆ ಬಂದು, ಬೀದರ್ ರಸ್ತೆಯಲ್ಲಿ ಹಳ್ಳಿಖೇಡ ದಾಟಿ ಕಾರಂಜಾ ಹಿನ್ನೀರಿನ ದಂಡೆಗಿಳಿದೆ. ಅಣೆಕಟ್ಟು ಇರುವುದು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಹತ್ತಿರ; ತುಂಬಿದರೆ ಸುಮಾರು 7.7 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಮೇ ತಿಂಗಳಲ್ಲಿ ನೀರು ದೂರ ಸರಿದು, ದಂಡೆಯಿಂದ ಒಳಗೆ ಅಗಲವಾದ ಕಪ್ಪು ಬಯಲು ಬಿಟ್ಟುಕೊಟ್ಟಿತ್ತು. ಆ ಬಯಲಿನ ತುಂಬ ಕ್ರಿಕೆಟ್!

ಹುಡುಗರು ಪಿಚ್ ಮಾಡುವುದನ್ನು ಕೂತು ನೋಡಿದೆ. ಎರಿಮಣ್ಣು ಒಣಗಿದರೆ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೊದಲು ಬಿರುಕಿಗೆ ಹುಡಿಮಣ್ಣು ತುಂಬಿದರು. ಕೊಡದಲ್ಲಿ ನೀರು ತಂದು ಚಿಮುಕಿಸಿದರು. ಆಮೇಲೆ ನಾಲ್ಕೈದು ಮಂದಿ ಹೆಗಲ ಮೇಲೆ ಕೈ ಹಾಕಿಕೊಂಡು ಸಾಲಾಗಿ ತುಳಿಯುತ್ತ ಹೋದರು, ಬಂದರು. ಒಂದು ತಾಸು ಬಿಸಿಲು ತಿಂದ ಮೇಲೆ ನೆಲ ಹೊಳೆಯತೊಡಗಿತು. ಜಾಲಿ ಕೋಲಿನ ಸ್ಟಂಪು, ಟೆನಿಸ್ ಚಂಡು. ಒಂದು ಕಡೆ ಬೌಂಡರಿಗೆ ಕಲ್ಲು ಇಟ್ಟಿದ್ದರು. ಇನ್ನೊಂದು ಕಡೆ ನೀರಿನ ಅಂಚೇ ಗೆರೆ.

“ನೀರಿಗಿ ಹೊಡದ್ರ ಆರೇನು?” ಎಂದು ಕೇಳಿದೆ.

“ಇಲ್ರಿ ಕಾಕಾ, ನೀರಿಗಿ ಹೋದ್ರ ಔಟ್. ಆ ಕಡಿ ಆಳ ಅದ. ಯಾರೂ ಇಳಿಬಾರ್ದಂತ ನಾವೇ ಮಾಡ್ಕೊಂಡೀವ್ರಿ,” ಅಂದ ವಿಕೆಟ್ ಕೀಪರ್.

ಚಂಡಿನ ಆಸೆಗೆ ಜೀವ ಹೋಗಬಾರದು ಎಂದು ಆಟದೊಳಗೇ ಬೇಲಿ ಹಾಕಿಕೊಂಡ ಆ ಮಕ್ಕಳ ತಿಳಿವಳಿಕೆಗೆ ಕೈ ಮುಗಿಯಬೇಕೆನಿಸಿತು. ಈ ನಿಯಮದಿಂದಾಗಿ ಅಲ್ಲಿನ ಬ್ಯಾಟ್ಸ್‌ಮನ್ನರು ನೀರಿನ ಕಡೆಗೆ ಚಂಡನ್ನು ಎತ್ತಿ ಹೊಡೆಯುವುದಿಲ್ಲ. ಮಣಿಕಟ್ಟು ತಿರುಗಿಸಿ ನೆಲದ ಮೇಲೆ ಉರುಳಿಸಿ, ಒಂದು ಓಟ ಓಡುತ್ತಾರೆ.

ನೀರು ಬಿಟ್ಟುಕೊಟ್ಟ ನೆಲದಲ್ಲಿ ಆಡುವವರು ಬೇರೆ ಕಡೆಯೂ ಇದ್ದಾರೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೊಲೆಂಟ್ ಕಡಲಿನಲ್ಲಿ ಬ್ರಾಂಬಲ್ ಬ್ಯಾಂಕ್ ಎಂಬ ಮರಳದಿಬ್ಬವಿದೆ. ವರ್ಷಕ್ಕೊಮ್ಮೆ, ಇಳಿತದ ಹೊತ್ತಿನಲ್ಲಿ ಅದು ಸ್ವಲ್ಪ ಹೊತ್ತು ತಲೆಯೆತ್ತಿದಾಗ ಎರಡು ಹಾಯಿದೋಣಿ ಕ್ಲಬ್ಬುಗಳವರು ದೋಣಿಯಲ್ಲಿ ಬಂದಿಳಿದು ಕ್ರಿಕೆಟ್ ಆಡುತ್ತಾರೆ. ನೀರು ಏರಿತೆಂದರೆ ಆಟ ಮುಗಿಯಿತು, ಮತ್ತೆ ದೋಣಿ. ಅದರ ಚಿತ್ರಗಳನ್ನು ಜಗತ್ತು ಬೆರಗಿನಿಂದ ನೋಡುತ್ತದೆ. ಕಾರಂಜಾ ದಂಡೆಯ ಹುಡುಗರಿಗೆ ಬೇಸಿಗೆ ಪೂರ್ತಿ ಅದೇ ಆಟ. ನಮ್ಮ ನಾಡಿನ ಎಷ್ಟೋ ಕೆರೆಯಂಗಳಗಳಲ್ಲಿ ಇದು ಪ್ರತಿ ವರ್ಷ ನಡೆಯುತ್ತದೆ.

ಬೆಂಗಳೂರಲ್ಲಿ ಆದದ್ದು ಬೇರೆ. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ ಎದ್ದಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು. ಅಲ್ಲಿ ಆಟ ಕೆರೆಯನ್ನು ಶಾಶ್ವತವಾಗಿ ನುಂಗಿತು. ನೀರು ತನ್ನ ಜಾಗಕ್ಕೆ ಮರಳುವ ಹಾದಿ ಮುಚ್ಚಿತು. ಇಲ್ಲಿ ಕೆರೆ ತನ್ನ ನೆಲವನ್ನು ಆಟಕ್ಕೆ ಎರವಲು ಕೊಡುತ್ತದೆ, ಮಳೆಗಾಲದಲ್ಲಿ ಮರಳಿ ಪಡೆಯುತ್ತದೆ. ಹುಡುಗರು ತುಳಿದು ತುಳಿದು ಮಾಡಿದ ಪಿಚ್ ಮೊದಲ ತುಂಬುನೀರಿಗೆ ಕರಗುತ್ತದೆ. ಅದಕ್ಕೆ ಯಾರೂ ಅಳುವುದಿಲ್ಲ, ಯಾರೂ ಪಹಣಿ ಕೇಳುವುದಿಲ್ಲ. ಒಂದೇ ನೆಲ ಆರು ತಿಂಗಳು ಮೀನಿನದು, ಬೇಸಿಗೆಯಲ್ಲಿ ಮಕ್ಕಳದು. ದೋಣಿಯ ಬದುಕಿನಲ್ಲಿ ನನ್ನನ್ನು ಎಳೆದದ್ದೂ ಇದೇ ಎಂದು ಅಲ್ಲಿ ಸ್ಪಷ್ಟವಾಯಿತು. ದೋಣಿಮನೆಗೆ ಬುನಾದಿ ಇಲ್ಲ. ಅದು ಎದ್ದುಹೋದ ಮೇಲೆ ನೀರಿನ ಮೇಲೆ ಗುರುತು ಉಳಿಯುವುದಿಲ್ಲ.

ಸಂಜೆ ಆಟ ಮುಗಿದ ಮೇಲೆ ಮೀನುಗಾರರು ಬಲೆ ಬಿಡಲು ಬಂದರು. ಅವರಲ್ಲಿ ಹಿರಿಯರೊಬ್ಬರು ಬೆಳಗಿನ ಜಾವ ಬಲೆ ಎತ್ತುವಾಗ ನನ್ನನ್ನೂ ಕರೆದೊಯ್ಯಲು ಒಪ್ಪಿದರು. ಅವರದು ದುಂಡನೆಯ ಹರಿಗೋಲು; ಬಿದಿರ ಸೀಳಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ತಾಡಪತ್ರಿ, ಅದರ ಮೇಲೆ ಡಾಂಬರು. ಹಿಂದೆ ಚರ್ಮ ಹೊದಿಸುತ್ತಿದ್ದರಂತೆ.

“ನಡುವ ಕೂಡ್ರಿ ಸರ್. ಏಳಬ್ಯಾಡ್ರಿ,” ಎಂದರು. ಮುಂದೆ ಬಾಗಿ ಒಂದೇ ಹುಟ್ಟನ್ನು ಎಡಕ್ಕೂ ಬಲಕ್ಕೂ ಎಳೆಯುತ್ತಿದ್ದರು. ಒಂದು ಕಡೆ ಹೆಚ್ಚಾದರೆ ಹರಿಗೋಲು ಗಿರಕಿ ಹೊಡೆಯುತ್ತದೆ. ಬಲೆಯಲ್ಲಿ ಕಾಟ್ಲಾ, ರೋಹು ಸಿಕ್ಕವು. ದೋಣಿಯಲ್ಲೇ ಬದುಕಬೇಕೆಂಬ ನನ್ನ ಆಸೆಯನ್ನು ಹೇಳಿದೆ. ಅವರು ನಗಲಿಲ್ಲ.

“ಆಗ್ತದ್ರಿ. ಖರೆ ನೀರು ಮಳಿಗಾಲದಾಗ ಮ್ಯಾಲ ಬರ್ತದ, ಬ್ಯಾಸಿಗ್ಯಾಗ ಹಿಂದ ಸರೀತದ. ಅದರ ಸಂಗಟ ನಾವೂ ಸರೀಬೇಕು. ಇಲ್ಲೇ ಇರ್ತೀನಿ ಅಂತ ಗೂಟ ಹೊಡದ್ರ ಆಗಲ್ರಿ.”

ಹರಿಗೋಲಿನ ಅಷ್ಟೇ ಜಾಗದಲ್ಲಿ ಮಂಡಿ ಮಡಿಚಿ ಕೂತಾಗ ರಾಹುಲ್ ದ್ರಾವಿಡ್ ನೆನಪಾದರು. 2004ರ ಏಪ್ರಿಲ್‌ನಲ್ಲಿ ರಾವಲ್ಪಿಂಡಿಯಲ್ಲಿ 270 ರನ್ ಹೊಡೆಯಲು ಅವರು ಕ್ರೀಸಿನಲ್ಲಿ ಕಳೆದದ್ದು 740 ನಿಮಿಷ. ನಾಲ್ಕು ಹೆಜ್ಜೆಯ ಜಾಗದಲ್ಲಿ ಹನ್ನೆರಡು ತಾಸಿಗೂ ಮೇಲೆ ನಿಂತು, ಬಂದ ಪ್ರತಿ ಚಂಡನ್ನೂ ಅದರ ಯೋಗ್ಯತೆಗೆ ತಕ್ಕಂತೆ ಆಡಿದರು. ದೋಣಿಯಲ್ಲಿ ಬದುಕುವವನಿಗೂ ಬೇಕಾದದ್ದು ಈ ಗುಣವೇ: ಕಡಿಮೆ ಜಾಗ, ಕಡಿಮೆ ಸಾಮಾನು, ಮೈಯೆಲ್ಲ ಎಚ್ಚರ.

ಹರಿಗೋಲಿನ ಕೆಳಗಿನ ನೀರಿಗೆ ಇನ್ನೊಂದು ಕಥೆಯೂ ಇದೆ. 1970ರ ದಶಕದಲ್ಲಿ ಕಾರಂಜಾ ಯೋಜನೆಯ ಕೆಲಸ ಶುರುವಾದಾಗ ಹಲವು ಹಳ್ಳಿಗಳ ಹೊಲಗಳು ಮುಳುಗಡೆಗೆ ಹೋದವು. ಸಿಕ್ಕ ಪರಿಹಾರ ಸಾಲದೆಂದು ಸಂತ್ರಸ್ತರು 2022ರಿಂದ ಬೀದರಿನಲ್ಲಿ ದೀರ್ಘ ಧರಣಿ ಹೂಡಿದರು. ಅವರು ನೆಲವನ್ನು ಎರವಲು ಕೊಟ್ಟವರಲ್ಲ, ಪೂರ್ತಿ ಬಿಟ್ಟುಕೊಟ್ಟವರು. ಈ ನೀರಿನಿಂದ ನಮ್ಮ ಜಿಲ್ಲೆಯ ಹೊಲಗಳು ಹಸಿರಾಗಿವೆ, ಕೊಡಗಳು ತುಂಬಿವೆ. ಅದರ ಮೇಲೆ ದೋಣಿಯ ಕನಸು ಕಾಣುವ ನನ್ನಂಥವನು, ಅಡಿಯಲ್ಲಿ ಯಾರದೋ ಕಣ, ಯಾರದೋ ಬಾವಿ ಇದೆಯೆಂಬುದನ್ನು ಮರೆತರೆ ಆ ಕನಸಿಗೆ ಬೆಲೆಯಿಲ್ಲ. ಅವರ ಬಾಕಿ ತೀರಬೇಕು.

ಮನಸ್ಸಿನಲ್ಲಿ ಇಷ್ಟು ದಿನ ಇದ್ದದ್ದು ಕೇರಳದ ಆಲಪ್ಪುಳದ ಕೆಟ್ಟುವಳ್ಳಂನಂಥ ದೊಡ್ಡ ದೋಣಿ, ಅದರಲ್ಲಿ ಮಂಚ, ಅಡುಗೆಮನೆ. ಈಗ ಬೇಕೆನಿಸುವುದು ಒಂದು ಹರಿಗೋಲು, ದಂಡೆಯಲ್ಲಿ ಕಿತ್ತು ಮುಂದಿಡಬಹುದಾದ ಗುಡಿಸಲು, ಒಂದು ಬ್ಯಾಟು. ಮಳೆಗಾಲಕ್ಕೆ ನೀರು, ಬೇಸಿಗೆಗೆ ಬಯಲು. ಇದಕ್ಕೆ ಕೇರಳಕ್ಕೂ ಕಾಶ್ಮೀರಕ್ಕೂ ಹೋಗಬೇಕಿಲ್ಲ. ಕೆರೆಯಂಗಳಕ್ಕೆ ಕಾಂಕ್ರೀಟು ಸುರಿಯದಿದ್ದರೆ, ಹೂಳು ತೆಗೆದು ನೀರು ಬರುವ ಕಾಲುವೆ ಮುಚ್ಚದೆ ಉಳಿಸಿಕೊಂಡರೆ ಸಾಕು.

ನೀವು ಈ ಕಡೆ ಬರುವುದಾದರೆ ಎರಡು ಸಲ ಬನ್ನಿ. ಒಮ್ಮೆ ಮೇ ತಿಂಗಳಲ್ಲಿ, ಸಂಜೆ ನಾಲ್ಕರ ಮೇಲೆ, ಟೋಪಿ, ನೀರಿನ ಬಾಟಲಿ ತೆಗೆದುಕೊಂಡು ಬನ್ನಿ. ಹನ್ನೊಂದು ಮಂದಿಗೆ ಒಬ್ಬರು ಕಡಿಮೆ ಇದ್ದೇ ಇರುತ್ತಾರೆ, ಹುಡುಗರು ನಿಮ್ಮನ್ನೂ ಸೇರಿಸಿಕೊಳ್ಳುತ್ತಾರೆ. ಇನ್ನೊಮ್ಮೆ ಅಕ್ಟೋಬರ್‌ನಲ್ಲಿ, ಮಳೆ ಚೆನ್ನಾಗಿ ಆದ ವರ್ಷ ಬನ್ನಿ. ನೀವು ಫೀಲ್ಡಿಂಗ್ ಮಾಡಿದ ಜಾಗದ ಮೇಲೆ ಆಗ ಹರಿಗೋಲು ಹೋಗುತ್ತಿರುತ್ತದೆ. ಹತ್ತುವ ಮೊದಲು ಮೀನುಗಾರರ ಅಪ್ಪಣೆ ಕೇಳಿ, ಹತ್ತಿದ ಮೇಲೆ ನಡುವೆ ಕೂತುಕೊಳ್ಳಿ.