ಎಳ್ಳಿನಷ್ಟು ಕಲೆ

ಶಿವಮೊಗ್ಗೆಯಿಂದ ಮಂಡಗದ್ದೆಯ ಮಾರ್ಗವಾಗಿ ಹೊರಟ ಯಾತ್ರಿಕನಿಗೆ ಸುಮಾರು 60 ಕಿಲೋಮೀಟರುಗಳ ಆ ಪಯಣದಲ್ಲಿ ತುಂಗೆ ಆಗಾಗ ಕಾಣಿಸಿಕೊಳ್ಳುತ್ತ, ಮತ್ತೆ ಕಾಡಿನ ಮರೆಗೆ ಸರಿಯುತ್ತ ಜೊತೆಗೂಡಿಯೇ ಬರುತ್ತಾಳೆ. ತೀರ್ಥಹಳ್ಳಿಯಲ್ಲಿ ಮಾತ್ರ ಆಕೆಯ ಪೂರ್ಣದರ್ಶನ. ಮಳೆಗಾಲದಲ್ಲಿ ಕೆಂಪೇರಿ ಉಕ್ಕಿದ ಹೊಳೆ ಮಾರ್ಗಶಿರದ ಹೊತ್ತಿಗೆ ತಿಳಿಯಾಗಿ, ಕರಿಬಂಡೆಗಳ ನಡುವೆ ಸದ್ದಿಲ್ಲದೆ ಹರಿಯುತ್ತದೆ. ದಡದಲ್ಲಿ ರಾಮೇಶ್ವರನ ಗುಡಿ. ಹೊಳೆಯ ಬಂಡೆಗಳ ನಡುವೆ ರಾಮಕೊಂಡ. ಇಲ್ಲಿಯ ರಾಮ ದಶರಥನ ಮಗನಲ್ಲ, ಜಮದಗ್ನಿಯ ಮಗ.

ತಂದೆಯ ಆಜ್ಞೆಯಂತೆ ಪರಶುರಾಮನು ತಾಯಿ ರೇಣುಕೆಯ ಶಿರವನ್ನು ಕಡಿದನು. ಮೆಚ್ಚಿದ ತಂದೆ ವರ ಕೊಟ್ಟಾಗ ತಾಯಿಯ ಪ್ರಾಣವನ್ನೇ ಬೇಡಿದನು. ಕೊಲೆಯ ನೆನಪು ಆಕೆಗೆ ಇರಬಾರದೆಂದೂ ಬೇಡಿದನು. ತಾಯಿ ಎದ್ದಳು, ಮರೆತಳು. ಆದರೆ ಕೊಡಲಿ ಮರೆಯಲಿಲ್ಲ. ಎಷ್ಟು ತೀರ್ಥಗಳಲ್ಲಿ ತೊಳೆದರೂ ಎಳ್ಳಿನಷ್ಟು ರಕ್ತದ ಕಲೆ ಉಳಿದೇ ಉಳಿಯಿತು. ಕೊನೆಗೆ ಅದು ಅಳಿದದ್ದು ಇಲ್ಲಿ, ಮಾರ್ಗಶಿರದ ಅಮಾವಾಸ್ಯೆಯಂದು. ಅದಕ್ಕೇ ಆ ದಿನ ಎಳ್ಳಮಾವಾಸ್ಯೆ ಎನ್ನುತ್ತದೆ ಸ್ಥಳಪುರಾಣ.

ಗ್ರೀಕ್ ಪುರಾಣಕ್ಕೂ ಇಂಥ ಮಗನೊಬ್ಬನುಂಟು: ಒರೆಸ್ಟಿಸ್. ಟ್ರಾಯ್ ಯುದ್ಧ ಮುಗಿಸಿ ಮರಳಿದ ತಂದೆ ಅಗಮೆಮ್ನನನನ್ನು ತಾಯಿ ಕ್ಲೈಟೆಮ್ನೆಸ್ಟ್ರ ತನ್ನ ಪ್ರಿಯಕರ ಇಜಿಸ್ತಸನೊಡಗೂಡಿ ಕೊಲ್ಲಿಸಿದಳು. ಅಪೊಲೊ ದೇವನ ಅಪ್ಪಣೆಯಂತೆ ಮಗನು ಇಬ್ಬರನ್ನೂ ಕೊಂದನು. ಇಟಲಿಯ ಸಿಯೆನಾ ನಗರದ ಬರ್ನಾರ್ಡಿನೊ ಮೇಯಿ 1654ರಲ್ಲಿ ಬರೆದ ಬರೋಕ್ ಚಿತ್ರದ ವಸ್ತು ಈ ಕೊಲೆಯೇ. ಕತ್ತಲೆಯನ್ನು ಸೀಳಿಬರುವ ಬೆಳಕು, ಎತ್ತಿದ ಕೈ, ಹಿಂದೆಗೆಯಲಾಗದ ಗಳಿಗೆ—ಇಂಥವುಗಳಲ್ಲಿ ಆ ಕಾಲದ ಕಲಾವಿದರಿಗೆ ಬಲು ಒಲವು. ಚಿತ್ರಪಟದ ಮೇಲೆ ಆ ಗಳಿಗೆ ಮುಗಿಯುವುದೇ ಇಲ್ಲ. ಮುನ್ನೂರೈವತ್ತು ವರ್ಷಗಳು ಕಳೆದರೂ ಒರೆಸ್ಟಿಸ್ ಕೊಲ್ಲುತ್ತಲೇ ಇದ್ದಾನೆ.

ಕಥೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ದೇವರ ಅಪ್ಪಣೆಯಿದ್ದರೂ ಸೇಡಿನ ದೇವತೆಗಳು ಅವನನ್ನು ಅಟ್ಟಿಸಿಕೊಂಡು ಹೋದರು. ಅಥೆನ್ಸಿನ ನ್ಯಾಯಸಭೆಯಲ್ಲಿ ಮತಗಳು ಸರಿಸಮವಾಗಿ, ಅಥೀನಾ ದೇವಿಯ ಕೃಪೆಯಿಂದ ಅವನು ಪಾರಾದನು. ಟ್ರೀಜ಼ನ್ ಎಂಬ ಊರಿನವರಾದರೋ, ಅವನನ್ನು ಶುದ್ಧಿಗೊಳಿಸಿದ್ದು ತಮ್ಮೂರಿನ ಚಿಲುಮೆಯ ನೀರೆಂದು ಹೇಳಿಕೊಳ್ಳುತ್ತಿದ್ದರು. ಕೊಲ್ಲೆಂದವರು ಹಿರಿಯರೇ ಆಗಲಿ, ದೇವರೇ ಆಗಲಿ, ಕೊಂದ ಕೈಗೆ ಬಿಡುಗಡೆ ಸುಲಭವಲ್ಲವೆಂಬುದನ್ನು ಆ ನಾಡೂ ಈ ನಾಡೂ ಬೇರೆಬೇರೆಯಾಗಿ ಕಂಡುಕೊಂಡವು.

ತೀರ್ಥಹಳ್ಳಿ ತನ್ನ ನೆನಪಿಗಾಗಿ ಆರಿಸಿಕೊಂಡದ್ದು ಕೊಡಲಿ ಎತ್ತಿದ ಗಳಿಗೆಯನ್ನಲ್ಲ, ಅದನ್ನು ತೊಳೆದ ಗಳಿಗೆಯನ್ನು. ಎಳ್ಳಮಾವಾಸ್ಯೆಯ ನಸುಕಿನ ಚಳಿಯಲ್ಲಿ ಜನ ರಾಮಕೊಂಡದಲ್ಲಿ ಮುಳುಗೇಳುತ್ತಾರೆ. ಮರುದಿನ ರಥೋತ್ಸವ, ಮೂರನೆಯ ರಾತ್ರಿ ದೀಪಗಳ ನಡುವೆ ತೆಪ್ಪೋತ್ಸವ. ನೀರಿಗಿಳಿದವರಲ್ಲಿ ಯಾರ ಮನದಲ್ಲಿ ಎಳ್ಳಿನಷ್ಟು ಯಾವ ಕಲೆಯಿದೆಯೋ, ತುಂಗೆ ಯಾರನ್ನೂ ಕೇಳುವುದಿಲ್ಲ.