ಎದುರಿಗೆ ಕುಳಿತ ಮುಖ

ನಮ್ಮ ಸಮಾಜದ ಮನೆಗಳ ಪಡಸಾಲೆಯ ಗೋಡೆಯ ಮೇಲೆ ಸಾಮಾನ್ಯವಾಗಿ ಎರಡು ಬಗೆಯ ಚಿತ್ರಗಳಿರುತ್ತವೆ. ಒಂದು, ಬಸವಣ್ಣನವರದೊ ಅಕ್ಕಮಹಾದೇವಿಯವರದೊ ಮಠದ ಪೂಜ್ಯರದೊ ಆದ ಚಿತ್ರ; ಇನ್ನೊಂದು, ಆ ಮನೆಯಲ್ಲಿ ಲಿಂಗೈಕ್ಯರಾದ ಹಿರಿಯರ ಛಾಯಾಚಿತ್ರ. ಹನ್ನೆರಡನೆಯ ಶತಮಾನದ ಶರಣರನ್ನು ಎದುರಿಗೆ ಕೂಡ್ರಿಸಿಕೊಂಡು ಬರೆದ ಚಿತ್ರ ಒಂದೂ ನಮಗೆ ಉಳಿದು ಬಂದಿಲ್ಲ. ಇಂದು ನಾವು ವಂದಿಸುವ ಚಿತ್ರಗಳೆಲ್ಲ ಮುಂದಿನ ಕಾಲದ ಕಲಾವಿದರ ಭಕ್ತಿಯಿಂದಲೂ ಕಲ್ಪನೆಯಿಂದಲೂ ಮೂಡಿದವು. ಹಿರಿಯರ ಚಿತ್ರವಾದರೋ, ಬಹಳಷ್ಟು ಮನೆಗಳಲ್ಲಿ, ಅವರು ತೀರಿಕೊಂಡ ಮೇಲೆ ಗುರುತಿನ ಚೀಟಿಯಿಂದಲೊ ಮದುವೆಯ ಗುಂಪಿನ ಫೋಟೋದಿಂದಲೊ ಹಿಗ್ಗಿಸಿ ತೆಗೆಸಿದ್ದು. ಶರಣರ ಕಾಲವನ್ನು ಮರಳಿ ತರಲಾಗದು, ನಿಜ. ಆದರೆ ನಮ್ಮ ಕಣ್ಣೆದುರಿಗೇ ಓಡಾಡುತ್ತಿದ್ದ ಹಿರಿಯರ ಮುಖದ ಮುಂದೆ ಒಂದು ತಾಸು ಸುಮ್ಮನೆ ಕುಳಿತು ನೋಡಿದವರು ಎಷ್ಟು ಜನ? ನಿವೃತ್ತಿಯ ಅನಂತರ ನಾವು ಹಿಡಿದಿರುವ ಒಂದು ಕಾಯಕವು ಈ ಪ್ರಶ್ನೆಯನ್ನು ನಮ್ಮ ಮನಸ್ಸಿಗೆ ತಂದಿತು.

ನಾವು ವೃತ್ತಿಯಿಂದ ಚಿತ್ರಕಲಾ ಶಿಕ್ಷಕರಾಗಿದ್ದವರು, ನೆಲೆಸಿದ್ದು ಯಲ್ಲಾಪುರದಲ್ಲಿ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿ ಈ ಊರನ್ನು ಹಾಯ್ದು ಅರಬೈಲ ಘಟ್ಟದಲ್ಲಿ ಇಳಿಯುತ್ತದೆ. ಅಡಿಕೆ ತೋಟದ ಹವ್ಯಕರು, ಕುಣಬಿಗಳು, ಗೌಳಿಗಳು, ಸಿದ್ದಿಗಳು, ಬಯಲುಸೀಮೆಯಿಂದ ವ್ಯಾಪಾರಕ್ಕೂ ನೌಕರಿಗೂ ಬಂದು ಉಳಿದ ನಮ್ಮವರು, ಹೀಗೆ ಎಷ್ಟೋ ಬಗೆಯ ಮುಖಗಳನ್ನು ಒಂದೇ ಸಂತೆಯಲ್ಲಿ ನೋಡುವ ಭಾಗ್ಯ ಈ ಊರಿನವರದು. ರವಿವಾರದ ಮುಂಜಾನೆ, ಯಾರು ತಾವಾಗಿಯೇ ಬಂದು ಕೂಡಲು ಒಪ್ಪುವರೋ ಅವರ ಮುಖವನ್ನು ಎರಡು ತಾಸಿನೊಳಗೆ ತೈಲವರ್ಣದಲ್ಲಿ ಬರೆಯುವುದು ನಮ್ಮ ಕ್ರಮ. ನಾವು ಹಣ ತೆಗೆದುಕೊಳ್ಳುವುದಿಲ್ಲ, ಕೊಡುವುದೂ ಇಲ್ಲ. ಬಂದವರು ತಮ್ಮ ಹೊತ್ತನ್ನು ದಾಸೋಹ ಮಾಡುತ್ತಾರೆ. ಒಣಗಿದ ಮೇಲೆ ಚಿತ್ರ ಅವರ ಮನೆಗೆ ಹೋಗುತ್ತದೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮುಂಬಯಿಯಲ್ಲಿ 1857ರಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆಯಿಂದ, ಜೀವಂತ ವ್ಯಕ್ತಿಯನ್ನು ಎದುರಿಗೆ ಇಟ್ಟುಕೊಂಡು ಬರೆಯುವ ಶಿಕ್ಷಣ ಪಶ್ಚಿಮ ಭಾರತದಲ್ಲೆಲ್ಲ ಹಬ್ಬಿತು. ಅದರ ಗಾಳಿ ಉತ್ತರ ಕರ್ನಾಟಕಕ್ಕೂ ಬೀಸಿತು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ, ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿ ಇವರು ಚಿತ್ರವಿದ್ಯೆಯನ್ನು ಕಲಿಸಿ ಎಷ್ಟೋ ಕೈಗಳನ್ನು ತಿದ್ದಿದರು. ಕಾರ್ಕಳದಲ್ಲಿ 1956ರಲ್ಲಿ ಜನಿಸಿ ಮುಂಬಯಿಯಲ್ಲಿ ಬೆಳೆದ ವಾಸುದೇವ ಕಾಮತರು ಜನರೆದುರಿನಲ್ಲಿಯೇ ಭಾವಚಿತ್ರ ಬರೆದು ತೋರಿಸುವುದರಲ್ಲಿ ಹೆಸರಾದವರು. ಅಮೆರಿಕದ ಭಾವಚಿತ್ರ ಕಲಾವಿದರ ಸಂಘವು 2006ರಲ್ಲಿ ತನ್ನ ಡ್ರೇಪರ್ ಮಹಾಪ್ರಶಸ್ತಿಯನ್ನು ಅವರಿಗೆ ನೀಡಿತು. ಆ ಚಿತ್ರ ಯಾವ ಅರಸನದೂ ಅಲ್ಲ, ಅವರ ಧರ್ಮಪತ್ನಿಯದು ಎಂಬುದನ್ನು ಬಂಧುಗಳು ಗಮನಿಸಬೇಕು.

ಎರಡು ತಾಸಿನಲ್ಲಿ ಮುಖ ಮೂಡುವುದು ಹೇಗೆಂದು ಅನೇಕರು ಕೇಳುತ್ತಾರೆ. ಅದರಲ್ಲಿ ಮಾಯೆಯೇನೂ ಇಲ್ಲ. ಕುಳಿತವರ ಕಣ್ಣು ನಿಂತು ಬರೆಯುವ ನಮ್ಮ ಕಣ್ಣಿನ ಮಟ್ಟಕ್ಕೆ ಬರುವಂತೆ ಕುರ್ಚಿಯನ್ನು ಹಲಗೆಯ ಮೇಲೆ ಎತ್ತರಿಸುತ್ತೇವೆ. ಇಪ್ಪತ್ತು ನಿಮಿಷ ಕೂತರೆ ಐದು ನಿಮಿಷ ವಿರಾಮ. ಎದ್ದು ಮರಳಿ ಬಂದಾಗ ಸ್ಥಾನ ತಪ್ಪದಿರಲೆಂದು ಕುರ್ಚಿಯ ಕಾಲಿನ ಸುತ್ತ ಸೀಮೆಸುಣ್ಣದ ಗುರುತು ಹಾಕಿರುತ್ತೇವೆ. ಬೆಳಕು ಉತ್ತರದ ಕಿಟಕಿಯದು. ಅದು ಬೇಗ ಬದಲಾಗುವುದಿಲ್ಲ. ಆದರೆ ಯಲ್ಲಾಪುರ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದ ಊರಾದುದರಿಂದ, ಮೇ ಆರಂಭದಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ಉತ್ತರದ ಕಡೆಗೇ ಇರುತ್ತಾನೆ. ಆಗ ಕಿಟಕಿಗೆ ಬಿಳಿಯ ಪಂಚೆ ಕಟ್ಟಿ ಬಿಸಿಲನ್ನು ಸೋಸಬೇಕು.

ತಟ್ಟೆಯಲ್ಲಿ ಇರುವುದು ನಾಲ್ಕೇ ಬಣ್ಣ: ಬಿಳಿ, ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಕೆಂಪು, ಕಪ್ಪು. ಸ್ವೀಡನ್ನಿನ ಆಂಡರ್ಸ್ ಜಾರ್ನ್ (1860–1920) ಎಂಬ ಕಲಾವಿದರ ಹೆಸರಿನೊಂದಿಗೆ ಈ ನಾಲ್ಕರ ಪದ್ಧತಿ ಪ್ರಸಿದ್ಧವಾಗಿದೆ. ಕಪ್ಪಿಗೆ ಬಿಳಿ ಬೆರೆತರೆ ಅದು ಚರ್ಮದ ಬಣ್ಣಗಳ ಪಕ್ಕದಲ್ಲಿ ನೀಲಿಯಂತೆಯೇ ಕಾಣುತ್ತದೆ. ಆದ್ದರಿಂದ ಬೇರೆ ನೀಲಿ ಬೇಡ. ಮೊದಲು ಕಣ್ಣನ್ನು ಅರೆಮುಚ್ಚಿ ನೋಡಿ, ಮುಖದಲ್ಲಿ ನೆರಳು ಎಲ್ಲಿ, ಬೆಳಕು ಎಲ್ಲಿ ಎಂಬ ಎರಡೇ ಭಾಗಗಳನ್ನು ತೆಳುವಾದ ಬಣ್ಣದಲ್ಲಿ ಹಾಕಬೇಕು. ಹುಬ್ಬು, ರೆಪ್ಪೆ, ತುಟಿಯ ಗೆರೆ ಎಲ್ಲ ಆಮೇಲೆ. ಹೊಸಬರು ಕಣ್ಣಿನಿಂದ ಆರಂಭಿಸುತ್ತಾರೆ, ಅದನ್ನು ಹಣೆಯಲ್ಲಿ ಇಡುತ್ತಾರೆ. ನೆತ್ತಿಯಿಂದ ಗದ್ದದವರೆಗೆ ಅಳೆದರೆ ಕಣ್ಣು ಸರಿಸುಮಾರು ನಟ್ಟನಡುವೆ ಇರುತ್ತದೆ ಎಂದರೆ ಅವರಿಗೆ ನಂಬಿಕೆಯೇ ಬರುವುದಿಲ್ಲ. ಪರಿಚಯದವರನ್ನು ದೂರದಲ್ಲಿ ಬರುತ್ತಿರುವಾಗಲೇ ಗುರುತಿಸುತ್ತೇವಲ್ಲ, ಆಗ ಅವರ ರೆಪ್ಪೆ ನಮಗೆ ಕಾಣುತ್ತದೆಯೆ? ತಲೆಯ ಆಕಾರ, ಕತ್ತಿನ ಓರೆ, ಕೆನ್ನೆಯ ಇಳಿಜಾರು ಇವುಗಳಿಂದಲೇ ಗುರುತು. ಹೋಲಿಕೆ ನಿಲ್ಲುವುದೂ ಅಲ್ಲಿಯೇ.

ತೈಲವರ್ಣಕ್ಕೆ ನಮ್ಮ ಮಳೆಗಾಲ ಒಂದು ಪರೀಕ್ಷೆ. ಅಗಸೆ ಎಣ್ಣೆ ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ತಂಪು ಹವೆಯಲ್ಲಿ ಅದು ಬಹಳ ನಿಧಾನ, ಮೇಲಾಗಿ ಬೂಸಲಿನ ಕಾಟ. ಬಚ್ಚಲ ಒಲೆಯ ಬಿಸುಪು ತಾಗುವ ಗೋಡೆಯ ಮೇಲೆ ಚಿತ್ರಗಳನ್ನು ತೂಗುಹಾಕಿ ಕಾಪಾಡಿಕೊಳ್ಳುತ್ತೇವೆ.

ಇದುವರೆಗೆ ಕುಳಿತವರಲ್ಲಿ ಅಡಿಕೆ ಸುಲಿಯುವವರು, ಬಸ್ಸಿನ ಕಂಡಕ್ಟರು, ಚಹಾದಂಗಡಿಯವರು, ಕಾಲೇಜಿನ ಹುಡುಗಿಯರು ಎಲ್ಲರೂ ಇದ್ದಾರೆ. ಒಮ್ಮೆ ಸಿದ್ದಿ ಸಮುದಾಯದ ತಾಯಿಯೊಬ್ಬರು ಬಂದರು. ಸಿದ್ದಿಗಳು ಆಫ್ರಿಕಾ ಮೂಲದವರು. ಶತಮಾನಗಳಿಂದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ಬಾಳಿದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಆ ತಾಯಿ ತಾವು ಹೊಲಿಯುತ್ತಿದ್ದ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತರು. “ಫೋಟೋದಲ್ಲಿ ನಾ ಬರೀ ಕಪ್ಪು ಕಾಣ್ತೆ ಮಾಸ್ತರೇ, ಇಲ್ಲಾಂದ್ರೆ ಬೆಳ್ಳಗೆ ಮಾಡಿ ಕೊಡ್ತಾರೆ” ಎಂದರು. ಎರಡೂ ನಿಜವಲ್ಲ ಎಂಬುದು ಎದುರಿಗೆ ಕುಳಿತು ನೋಡಿದವರಿಗೆ ಗೊತ್ತಾಗುತ್ತದೆ. ಅವರ ಹಣೆಯ ಮೇಲೆ ಕಿಟಕಿಯ ಆಕಾಶದ ತಣ್ಣನೆಯ ನೀಲಿ ಇತ್ತು, ಕೆನ್ನೆಯಲ್ಲಿ ಮುರುಗಲ ಹಣ್ಣಿನ ಕೆಂಪು, ಕತ್ತಿನ ನೆರಳಿನಲ್ಲಿ ಬೆಚ್ಚನೆಯ ಕಂದು. ಮುಗಿದ ಮೇಲೆ ಅವರು ಬಹಳ ಹೊತ್ತು ನೋಡಿದರು. ಮುಖದ ವಿಷಯವಾಗಿ ಏನೂ ಆಡದೆ, ಕೌದಿಯ ಆ ಕೆಂಪು ತುಂಡಿಗೆ ಇನ್ನೊಂದಿಷ್ಟು ಬಣ್ಣ ಹಾಕಲು ಹೇಳಿದರು. ಹಾಕಿಕೊಟ್ಟೆವು.

ನೆರೆಯ ಮನೆಯ ಅವ್ವನವರ ಮಾತನ್ನೂ ಇಲ್ಲಿ ಹೇಳಬೇಕು. ಎಂಬತ್ತು ದಾಟಿದ ಅವರು ಧಾರವಾಡದ ಕಡೆಯಿಂದ ಸೊಸೆಯಾಗಿ ಈ ಊರಿಗೆ ಬಂದವರು. ಕೂಡಲು ಕರೆದಾಗಲೆಲ್ಲ, “ಚಿತ್ರ ಬರಸ್ಕೊಂಡ್ರ ಆಯುಷ್ಯ ಕಡಿಮಿ ಆಗತೈತ್ರಿ ಮಾಸ್ತರ್ರ. ಈ ಸುಕ್ಕ ಬಿದ್ದ ಮಾರಿ ಯಾರಿಗೆ ಬೇಕು?” ಎಂದು ನಕ್ಕುಬಿಡುತ್ತಿದ್ದರು. ಮೊಮ್ಮಗಳು ಕುಳಿತದ್ದನ್ನು ನೋಡಿದ ಮೇಲೆ ಅವರಿಗೂ ಮನಸ್ಸಾಯಿತು. ಹಣೆಗೆ ವಿಭೂತಿ ಧರಿಸಿ, ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಂದರು. ಒಬ್ಬರೇ ಕೂಡಲು ಸಂಕೋಚವೆಂದು ಮಗನನ್ನೂ ಕರೆತಂದಿದ್ದರು.

ಮೊದಲ ಇಪ್ಪತ್ತು ನಿಮಿಷ ಯಾರೇ ಆದರೂ ಚಿತ್ರಕ್ಕೆ ಕೂತಂತೆಯೇ ಕೂತಿರುತ್ತಾರೆ. ಎರಡನೆಯ ವಿರಾಮದ ಹೊತ್ತಿಗೆ ಆ ಬಿಗುವು ತಾನೇ ಸಡಿಲುತ್ತದೆ, ನಿಜವಾದ ಮುಖ ಬರುತ್ತದೆ. ಅವ್ವನವರು ಮಾತಿಗೆ ತೊಡಗಿದರು. ಮದುವೆಯಾಗಿ ಬಂದ ವರ್ಷ ಆಷಾಢದಲ್ಲಿ ಎಷ್ಟೋ ದಿವಸ ಸೂರ್ಯನೇ ಕಾಣಲಿಲ್ಲವಂತೆ; ತವರಿನ ಬಿಸಿಲನ್ನು ನೆನೆದು ಹಿತ್ತಲಿನಲ್ಲಿ ನಿಂತು ಅಳುತ್ತಿದ್ದರಂತೆ. ಐವತ್ತು ದಾಟಿದ ಮಗ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಇದನ್ನ ನೀ ಒಮ್ಮೆಯೂ ಹೇಳಿರಲಿಲ್ಲಲ್ಲಬೇ” ಎಂದರು. “ನೀ ಯಾವಾಗ ಕುಂತಿದ್ದಿಪಾ ಕೇಳಾಕ?” ಎಂದರು ತಾಯಿ. ಅದರಲ್ಲಿ ಸಿಟ್ಟು ಇರಲಿಲ್ಲ. ನಮ್ಮ ಕುಂಚ ಆಗ ಅವರ ಬಾಯಿಯ ಮೂಲೆಯಲ್ಲಿತ್ತು. ಹಲ್ಲಿಲ್ಲದ ಬಾಯಿ ಒಳಕ್ಕೆ ಸೇರಿದ ಬಗೆ, ನಗುವಿಗೂ ದಣಿವಿಗೂ ನಡುವಿನ ಆ ತಿರುವು, ಇವನ್ನು ಕಂಡಂತೆಯೇ ಇಟ್ಟೆವು.

ಮರುವರ್ಷ ಅವರು ಲಿಂಗೈಕ್ಯರಾದರು. ಶಿವಗಣಾರಾಧನೆಯ ದಿನ ಹೂಮಾಲೆ ಹಾಕಿದ್ದು ನಾವು ಬರೆದ ಚಿತ್ರಕ್ಕಲ್ಲ. ಬೀಗರು, ದಾಯಾದಿಗಳು ಅದನ್ನು ನೋಡಿ, “ಭಾಳ ವಯಸ್ಸಾದಂಗ ಕಾಣತೈತಿ” ಎಂದರು. ಸುಕ್ಕನ್ನೆಲ್ಲ ಅಳಿಸಿ, ತುಟಿಗೆ ಕೆಂಪು ತುಂಬಿ, ಹಿಂದೆ ನೀಲಿ ಪರದೆ ಕೂಡಿಸಿದ ದೊಡ್ಡ ಫೋಟೋ ಪಡಸಾಲೆಗೆ ಬಂತು. ನಮಗೆ ಇದರಿಂದ ಬೇಸರವಾಗಲಿಲ್ಲ. ಅಗಲಿದವರು ಚೆಂದವಾಗಿ ಕಾಣಲೆಂಬ ಆಸೆ ಪ್ರೀತಿಯಿಂದಲೇ ಹುಟ್ಟುವುದು. ಮಗ ಮಾತ್ರ ತೈಲಚಿತ್ರವನ್ನು ಒಳಕೋಣೆಗೆ ಒಯ್ದು ತಮ್ಮ ಮಂಚದ ಎದುರಿನ ಗೋಡೆಗೆ ಹಾಕಿಕೊಂಡರು. “ನನ್ನ ಕೂಡ ಮಾತಾಡಿದಾಕಿ ಇಲ್ಲಿ ಅದಾಳ್ರಿ” ಎಂದು ಒಮ್ಮೆ ಹೇಳಿದರು.

ಸುಕ್ಕು ಎಂಬುದು ಬಾಳಿನ ಲೆಕ್ಕಪತ್ರ. ಬಿಸಿಲಿಗೆ ಕಣ್ಣು ಕಿರಿದು ಮಾಡಿದವರಿಗೆ ಕಣ್ಣಿನ ಮೂಲೆಯಲ್ಲಿ ಗೆರೆ, ಮಕ್ಕಳ ಚಿಂತೆ ಹೊತ್ತವರಿಗೆ ಹುಬ್ಬಿನ ನಡುವೆ ಗೆರೆ. ಅದನ್ನು ಅಳಿಸಿದರೆ ಅವರು ದುಡಿದದ್ದನ್ನೇ ಅಳಿಸಿದಂತಾಗುವುದಿಲ್ಲವೆ? ಕಾಯಕಕ್ಕೆ ಮಾನ ಕೊಟ್ಟ ಪರಂಪರೆಯವರಾದ ನಾವು ಕಾಯಕವು ಮುಖದ ಮೇಲೆ ಬರೆದುದಕ್ಕೂ ಮಾನ ಕೊಡುವುದು ಉಚಿತ.

ಇಂದು ಎಲ್ಲರ ಕೈಯಲ್ಲಿಯೂ ಮೊಬೈಲ್ ಇದೆ, ಕ್ಷಣಕ್ಕೊಂದು ಚಿತ್ರ ತೆಗೆಯಬಹುದು. ಆದರೆ ಆ ಕ್ಷಣ ಮುಗಿದೊಡನೆ ನೋಟವೂ ಮುಗಿಯುತ್ತದೆ. ಎದುರಿಗೆ ಕೂಡ್ರಿಸಿ ಬರೆಯುವುದರ ಫಲ ಎರಡು ತಾಸಿನ ನೋಟವೇ. ಚಿತ್ರ ಅದರ ಜೊತೆಗೆ ಸಿಗುವಂಥದು. ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮೂರಿನ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರಿದ್ದರೆ, ಊರಲ್ಲಿ ಕಲಾವಿದರಿದ್ದರೆ, ಬಿಡುವಿನ ದಿನ ಮನೆಗೆ ಕರೆಯಿರಿ. ಯಾರೂ ಸಿಗದಿದ್ದರೆ ಮಕ್ಕಳ ಕೈಗೆ ಪೆನ್ಸಿಲ್ ಮತ್ತು ಕಾಗದ ಕೊಟ್ಟು, ಅಜ್ಜನನ್ನೊ ಅಜ್ಜಿಯನ್ನೊ ಕಿಟಕಿಯ ಬಳಿ ಕೂಡ್ರಿಸಿರಿ. ಮೂಗು ಸೊಟ್ಟಗಾದರೂ ಆಗಲಿ. ಮನೆಯವರು ಹತ್ತಿರ ಕುಳಿತಿರಿ, ಎರಡನೆಯ ವಿರಾಮದವರೆಗೆ ಏಳಬೇಡಿರಿ. ಹಿರಿಯರು ಆಮೇಲೆ ತಾವಾಗಿಯೇ ಮಾತಿಗೆ ತೊಡಗುತ್ತಾರೆ.